ಕಲ್ಪವಲ್ಲಿ ಗುಡ್ಡಕ್ಕೆ ಫ್ಯಾನು ಬಂದ ಕಥೆ, ಮತ್ತೆ ನಮ್ಮ ಗೋಮಾಳ

ಈ ವಾರ ಬೆಳೆ ವಿಚಾರ ಇಲ್ಲ. ಅವರೆಗೆ ಬಿದ್ದಿರೋ ಕಾಯಿಕೊರಕದ ಬಗ್ಗೆ ಕೇಳಿದ್ದೋರಿಗೆ ಮುಂದಿನ ವಾರ ಬರೀತೀನಿ. ಇದು ಸ್ವಲ್ಪ ಉದ್ದ ಆಗುತ್ತೆ, ಹಾಲು ಡೇರಿಗೆ ಹಾಕಿ ಬಂದು ನಿಧಾನಕ್ಕೆ ಓದಿ.

ನಮ್ಮ ಕಡೆ ಈಗ ಎಲ್ಲಿ ಕೂತರೂ ಒಂದೇ ಮಾತು. ಗೋಮಾಳ ಸುಮ್ನೆ ಖಾಲಿ ಬಿದ್ದಿದೆ, ಹಸ ಮೇಯಿಸೋರು ಯಾರಿದ್ದಾರೆ, ಯಾವುದಾದ್ರೂ ಒಳ್ಳೇ ಕೆಲಸಕ್ಕೆ ಕೊಟ್ರೆ ತಪ್ಪೇನು ಅಂತ. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಈ "ಖಾಲಿ" ಅನ್ನೋ ಪದ ನಂಬೋ ಹಂಗಿಲ್ಲ. ಅದು ಎಲ್ಲಿಂದ ಬಂತು, ಯಾರ ಬಾಯಿಂದ ಬಂತು ಅಂತ ನೋಡಿದ್ರೆ ಇನ್ನೂರು ವರ್ಷದ ಕಥೆ ಬಿಚ್ಚಿಕೊಳ್ಳುತ್ತೆ. ಅದನ್ನ ತಿಳಿಯೋಕೆ ನಮ್ಮ ರಸ್ತೆಯಲ್ಲೇ ಉತ್ತರಕ್ಕೆ ಇರೋ ಒಂದು ಗುಡ್ಡದ ಸಾಲಿನ ಕಥೆ ಹೇಳ್ತೀನಿ. ಅಲ್ಲಿ ಜನ ಗಾಳಿ ಫ್ಯಾನಿನ ವಿರುದ್ಧ ನಿಂತರು. ಕರೆಂಟು ಬೇಡ ಅಂದೋರಲ್ಲ ಅವರು. ಅದಕ್ಕೇ ಈ ಕಥೆ ಮುಖ್ಯ.

ಹೆಬ್ಬಾಳದಿಂದ ಹೊರಟು ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ ಹೈದರಾಬಾದ್ ರಸ್ತೆಯಲ್ಲೇ ಹೋದ್ರೆ ಪೆನುಕೊಂಡ ಸಿಗುತ್ತೆ. ವಿಜಯನಗರದ ಅರಸರು ತಾಳೀಕೋಟೆ ಯುದ್ಧದಲ್ಲಿ ಸೋತ ಮೇಲೆ ರಾಜಧಾನಿ ಮಾಡಿಕೊಂಡ ಊರು. ಈಗ ಕಿಯಾ ಕಾರ್ ಫ್ಯಾಕ್ಟರಿ ಊರು ಅಂದ್ರೆ ಹುಡುಗರಿಗೆ ಬೇಗ ಗೊತ್ತಾಗುತ್ತೆ. ಅಲ್ಲಿಂದ ಇನ್ನೂ ಮುಂದಕ್ಕೆ ಚೆನ್ನೇಕೊತ್ತಪಲ್ಲಿ. ಯಲಹಂಕದಿಂದ ಹೆಚ್ಚೂ ಕಡಿಮೆ 150 ಕಿಲೋಮೀಟರ್. ಆ ಸುತ್ತಿನ ಚೆನ್ನೇಕೊತ್ತಪಲ್ಲಿ, ರೊದ್ದಂ, ರಾಮಗಿರಿ ಮಂಡಲಗಳ ನಡುವೆ ಇರೋ ಗುಡ್ಡಗಳಿಗೆ ಕಲ್ಪವಲ್ಲಿ ಅಂತಾರೆ. ಹಳೇ ಅನಂತಪುರ ಜಿಲ್ಲೆ, ಈಗ ಶ್ರೀ ಸತ್ಯಸಾಯಿ ಜಿಲ್ಲೆ.

ಅದು ಆಂಧ್ರ, ನಮಗೇನು ಅನ್ನಬೇಡಿ. ನಂದಿಬೆಟ್ಟದ ಕಡೆ ಹುಟ್ಟೋ ನೀರಲ್ಲಿ ಅರ್ಕಾವತಿ ನಮ್ಮ ಹೆಸರಘಟ್ಟಕ್ಕೆ ಇಳಿಯುತ್ತೆ, ಉತ್ತರ ಪಿನಾಕಿನಿ ಹಿಂದೂಪುರದ ಮೇಲೆ ಆ ಸೀಮೆಗೆ ಹೋಗುತ್ತೆ. ಒಂದೇ ಬೆಟ್ಟದ ಎರಡು ಮಗ್ಗುಲು. ನಾನು ಹುಡುಗ ಆಗಿದ್ದಾಗ ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ ಆ ಕಡೆಯಿಂದ ಕುರಿ ಮಂದೆ ಬರೋವು. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದ್ರೆ ಇಷ್ಟು ಸೇರು ರಾಗಿ ಅಂತ ನಮ್ಮಪ್ಪ ಅಳೆದು ಕೊಡ್ತಿದ್ರು. ಅಲ್ಲಿ ಮೇದ ಹುಲ್ಲು ಇಲ್ಲಿ ನಮ್ಮ ಹೊಲದ ಗೊಬ್ಬರ. ಈಗ ಯೂರಿಯಾ ಚೀಲಕ್ಕೆ ಸೊಸೈಟಿ ಮುಂದೆ ಕ್ಯೂ ನಿಲ್ಲೋವಾಗ ನನಗೆ ಆ ಕುರಿಗಳು ನೆನಪಾಗ್ತವೆ.

ಆ ಸೀಮೆ ಮಳೆ ಲೆಕ್ಕ ಕೇಳಿ. ವರ್ಷಕ್ಕೆ ಸುಮಾರು 550 ಮಿಲಿಮೀಟರ್. ನಮಗೆ ಕೆಟ್ಟ ವರ್ಷ ಅಂದ್ರೂ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಬೀಳುತ್ತೆ. ದೇಶದಲ್ಲಿ ಅತಿ ಕಡಿಮೆ ಮಳೆ ಬೀಳೋ ಜಿಲ್ಲೆಗಳ ಸಾಲಿನಲ್ಲಿ ರಾಜಸ್ಥಾನದ ಜೈಸಲ್ಮೇರ್ ಜೊತೆ ಅನಂತಪುರದ ಹೆಸರು ಹೇಳ್ತಾರೆ. ಕಡಲೆಕಾಯಿ ಒಂದನ್ನೇ ನಂಬಿ, ಬಾವಿ ಬತ್ತಿ, ಬೋರು ಬತ್ತಿ, ಬೆಂಗಳೂರಿಗೆ ಕೂಲಿಗೆ ಬಂದೋರು ಎಷ್ಟು ಜನ ಅಂತ ಯಶವಂತಪುರ ಸ್ಟೇಷನ್ನಲ್ಲಿ ನಿಂತ್ರೆ ಗೊತ್ತಾಗುತ್ತೆ.

1990ರಲ್ಲಿ ಚೆನ್ನೇಕೊತ್ತಪಲ್ಲಿ ಹತ್ರ ಟಿಂಬಕ್ಟು ಕಲೆಕ್ಟಿವ್ ಅಂತ ಒಂದು ಸಂಸ್ಥೆ ಶುರುವಾಯ್ತು. ಬಬ್ಲು ಗಂಗೂಲಿ ಅಂತ ಒಬ್ಬರು, ಅವರ ಜೊತೆ ಕೆಲವರು. ಮೊದಲು 32 ಎಕರೆ ಒಣ ಜಮೀನು ತಗೊಂಡು, ಅಲ್ಲಿ ಗಿಡಗಂಟೆ ತಾನಾಗಿ ಬೆಳೆಯೋಕೆ ಬಿಟ್ಟು ನೋಡಿದ್ರು. ಆಮೇಲೆ 90ರ ದಶಕದಲ್ಲಿ ಮುಷ್ಟಿಕೋವಿಲ ಊರಿನವರು ನಮ್ಮ ಗುಡ್ಡವೂ ಹಂಗೇ ಮಾಡೋಣ ಅಂತ ಮುಂದೆ ಬಂದ್ರು. ಸುತ್ತಲಿನ ಊರುಗಳೂ ಒಂದೊಂದಾಗಿ ಸೇರಿದವು. ಕೊನೆಗೆ ಏಳು ಸಾವಿರ ಎಕರೆಗೂ ಮೇಲೆ ಜನ ಕಾಪಾಡೋ ಗುಡ್ಡಗಾಡು ಆಯ್ತು. ಅದಕ್ಕೊಂದು ಮರ ಬೆಳೆಗಾರರ ಸಹಕಾರ ಸಂಘವನ್ನೂ ಮಾಡಿಕೊಂಡ್ರು.

ಇದರಲ್ಲಿ ನನಗೆ ಇಷ್ಟ ಆಗಿದ್ದು ಅವರ ದಾರಿ. ಗುಂಡಿ ತೋಡಿ, ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಹೋಗೋ ವನಮಹೋತ್ಸವ ಅಲ್ಲ ಅದು. ಮುಖ್ಯವಾಗಿ ಬೆಂಕಿ ತಡೆದ್ರು, ಕಾವಲು ಹಾಕಿದ್ರು. ಬೇಸಿಗೆಗೆ ಮುಂಚೆ ಬೆಂಕಿ ದಾಟದಂಗೆ ಹುಲ್ಲು ಹೆರೆದು ಪಟ್ಟಿ ಬಿಡೋದು, ಬೆಂಕಿ ಬಿದ್ರೆ ಊರೋರೆಲ್ಲ ಸೊಪ್ಪು ಹಿಡಿದು ಓಡೋದು. ಬೇರು ನೆಲದೊಳಗೇ ಇತ್ತು, ಬೀಜ ಹಕ್ಕಿ ತಂತು. ನೀವು ಹೊಲದ ಬದು ಎರಡು ವರ್ಷ ಸುಡದೆ ಬಿಟ್ಟು ನೋಡಿ, ಏನೇನು ಮೇಲೆ ಬರುತ್ತೆ ಅಂತ. ಅಷ್ಟೇ ಸೂತ್ರ, ಆದರೆ ಸಾವಿರಾರು ಎಕರೆಗೆ ಇಪ್ಪತ್ತು ವರ್ಷ ಮಾಡಬೇಕು.

ಹಿಂಗೆ ಬಂದಿದ್ದೇನು? ಕುರಿಗೆ, ದನಕ್ಕೆ ಹುಲ್ಲು. ಗುಡಿಸಲಿಗೆ ಹೊದಿಸೋ ಬೋದೆ ಹುಲ್ಲು. ಈಚಲು ಗರಿಯಿಂದ ಪೊರಕೆ, ಚಾಪೆ. ಸೌದೆ, ಕಾಡು ಹಣ್ಣು. ಗುಡ್ಡದ ಮೇಲೆ ಬಿದ್ದ ನೀರು ಹುಲ್ಲಲ್ಲಿ ನಿಂತು ಇಂಗಿ, ಹಳ್ಳದಲ್ಲಿ ನಿಧಾನಕ್ಕೆ ಹರಿದು ಕೆರೆಗೆ ಬರೋದು. ತೋಳ, ಕೃಷ್ಣಮೃಗ ಕೂಡ ಇರೋ ಜಾಗ. ಇದ್ಯಾವುದಕ್ಕೂ ಸರ್ಕಾರದ ಪುಸ್ತಕದಲ್ಲಿ ಕಾಲಂ ಇಲ್ಲ. ಅಲ್ಲಿಂದಲೇ ತೊಂದರೆ ಶುರು.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಟಿಪ್ಪು ಕೈಯಿಂದ ನಿಜಾಮನಿಗೆ ಹೋಗಿದ್ದ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನ 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ. ತೆಲುಗಿನಲ್ಲಿ ದತ್ತ ಮಂಡಲ ಅಂತಾರೆ. ಅದರ ಮುಖ್ಯ ಕಲೆಕ್ಟರ್ ಆಗಿ ಬಂದೋನು ಥಾಮಸ್ ಮನ್ರೋ. 1800ರಿಂದ 1807ರವರೆಗೆ ಇದ್ದ. ಊರೂರು ತಿರುಗಿ, ಡೇರೆ ಹಾಕಿ, ಹೊಲ ಹೊಲ ಅಳೆಸಿದ. ಜಮೀನ್ದಾರ ಮಧ್ಯೆ ಬೇಡ, ರೈತನೇ ನೇರವಾಗಿ ಕಂದಾಯ ಕಟ್ಟಲಿ ಅಂದ. ಅದೇ ರೈತವಾರಿ ಪದ್ಧತಿ. ರೈತರಿಗೆ ಅವನ ಮೇಲೆ ಪ್ರೀತಿ ಎಷ್ಟಿತ್ತು ಅಂದ್ರೆ ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ, ಮನ್ರೋಲಮ್ಮ ಅಂತ ಹೆಸರಿಟ್ಟರು. 1827ರಲ್ಲಿ ಮದ್ರಾಸಿನ ಗವರ್ನರ್ ಆಗಿದ್ದಾಗ ಇದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾ ಬಂದು ಸತ್ತ.

ನಾನೂ ಅವನನ್ನ ಬೈಯೋದಿಲ್ಲ. ರೈತನ ಹೆಸರು ಪುಸ್ತಕಕ್ಕೆ ಬಂದಿದ್ದು ಅವನ ಪದ್ಧತಿಯಿಂದ. ಆದರೆ ಅದೇ ಪದ್ಧತಿಗೆ ಇನ್ನೊಂದು ಮುಖ ಇದೆ. ಕಂದಾಯ ಕಟ್ಟೋ ಹೊಲಕ್ಕೆ ಹೆಸರು ಬಂತು, ಕಂದಾಯ ಕಟ್ಟದ ನೆಲಕ್ಕೆ ಹೆಸರಿಲ್ಲದಂಗಾಯ್ತು. ಊರೆಲ್ಲ ದನ ಮೇಯಿಸೋ ಗುಡ್ಡ ದುಡ್ಡು ಕೊಡಲ್ಲ, ಹಾಗಾಗಿ ಅದು ಬಂಜರು. ಬೆಳೆ ಬರಲ್ಲ ಅಂತ ಬಂಜರು ಅಲ್ಲ, ಕಂದಾಯ ಬರಲ್ಲ ಅಂತ ಬಂಜರು.

ನಮ್ಮ ಮೈಸೂರು ಸೀಮೆಯೂ ಬಿಟ್ಟಿಲ್ಲ. ಇಲ್ಲಿ ಬ್ರಿಟಿಷ್ ಕಮಿಷನರುಗಳ ಕಾಲದಲ್ಲಿ, 1860ರ ದಶಕದಲ್ಲಿ, ಬೊಂಬಾಯಿ ಮಾದರಿ ಸರ್ವೆ ಬಂತು. ಅದರ ಜೊತೆ ಬಂದ ಪದ ಖರಾಬು. ಖರಾಬು ಅಂದ್ರೆ ಕೆಟ್ಟದ್ದು. ಪಹಣಿ ತೆಗೆದು ನೋಡಿ, "ಎ" ಖರಾಬು, "ಬಿ" ಖರಾಬು ಅಂತ ಇರುತ್ತೆ. ಬಂಡೆ, ದಿಣ್ಣೆ "ಎ" ಆಯ್ತು. "ಬಿ" ಖರಾಬಿನಲ್ಲಿ ಏನೇನಿದೆ? ಹಳ್ಳ, ರಾಜಕಾಲುವೆ, ಬಂಡಿದಾರಿ, ಕೆರೆ, ಸ್ಮಶಾನ. ಊರು ಬದುಕೋದೇ ಇದರಿಂದ, ಪುಸ್ತಕದಲ್ಲಿ ಇದೆಲ್ಲ ಕೆಟ್ಟದ್ದು. ಸರ್ಕಾರಿ ಬೀಳು, ಹುಲ್ಲುಬನ್ನಿ ಖರಾಬು ಅಂತೆಲ್ಲ ಬರೆದಿರೋದೂ ಇದೇ ಜಾತಿ.

ಸ್ವಾತಂತ್ರ್ಯ ಬಂದ ಮೇಲೂ ಪದ ಬದಲಾಗಲಿಲ್ಲ. 1985ರಲ್ಲಿ ರಾಷ್ಟ್ರೀಯ ಬಂಜರು ಭೂಮಿ ಅಭಿವೃದ್ಧಿ ಮಂಡಳಿ ಬಂತು. 2000ದಲ್ಲಿ ದೇಶದ ಬಂಜರು ಭೂಮಿಯ ನಕ್ಷೆ ಪುಸ್ತಕವೇ ಬಂತು, ಮೇಲಿಂದ ಉಪಗ್ರಹ ತೆಗೆದ ಚಿತ್ರ ನೋಡಿ ಬರೆದಿದ್ದು. ಉಪಗ್ರಹಕ್ಕೆ ಹುಲ್ಲು ಒಣಗಿರೋದು ಕಾಣುತ್ತೆ, ಅದರಲ್ಲಿ ಮೇಯೋ ಕುರಿ ಯಾರದು ಅಂತ ಕಾಣಲ್ಲ.

ಕಲ್ಪವಲ್ಲಿಗೆ ವಾಪಸ್ ಬರೋಣ. ಪಕ್ಕದ ರಾಮಗಿರಿ ಗುಡ್ಡಗಳಲ್ಲಿ 90ರ ದಶಕದಲ್ಲೇ ಗಾಳಿಯಂತ್ರ ಬಂದಿದ್ದವು. ಅಲ್ಲಿ ಗಾಳಿ ಚೆನ್ನಾಗಿದೆ ಅಂತ ಕಂಪನಿಗಳಿಗೆ ಗೊತ್ತಿತ್ತು. 2010ರ ಆಸುಪಾಸಿನಲ್ಲಿ ಕಲ್ಪವಲ್ಲಿ ಗುಡ್ಡಗಳ ಮೇಲೂ ಎನರ್ಕಾನ್ ಕಂಪನಿ ಯಂತ್ರ ನಿಲ್ಲಿಸೋ ಕೆಲಸ ಶುರುವಾಯ್ತು. ನಲ್ಲಕೊಂಡ ಅನ್ನೋ ಹೆಸರಿನ ಈ ಯೋಜನೆ ಒಟ್ಟು 50.4 ಮೆಗಾವ್ಯಾಟಿನದು. ಒಂದೊಂದು ಯಂತ್ರ 800 ಕಿಲೋವ್ಯಾಟ್. ಅಂದ್ರೆ 63 ಯಂತ್ರ, ಅದರಲ್ಲಿ ನಲವತ್ತಕ್ಕೂ ಹೆಚ್ಚು ಜನ ಕಾಪಾಡಿದ ಗುಡ್ಡಗಳ ಮೇಲೆ. ನೆಲ ಸರ್ಕಾರದ್ದು, ಪುಸ್ತಕದಲ್ಲಿ ಕಂದಾಯ ಇಲಾಖೆಯ ಬಂಜರು. ಸರ್ಕಾರ ಕೊಡ್ತು, ಕಂಪನಿ ತಗೊಂಡಿತು. ಇಪ್ಪತ್ತು ವರ್ಷ ಬೆಂಕಿ ನಂದಿಸಿದೋರ ಹೆಸರು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಫ್ಯಾನು ತಿರುಗಿದ್ರೆ ನಷ್ಟ ಏನು, ಕಂಬ ನಿಲ್ಲೋದು ನಾಲ್ಕು ಗುಂಟೆ ಜಾಗದಲ್ಲಿ ತಾನೆ ಅಂತ ನಾನೂ ಮೊದಲು ಕೇಳಿದ್ದೆ. ಅದಕ್ಕೆ ಕೆಲಸ ನಡೆಯೋ ರೀತಿ ಹೇಳ್ತೀನಿ. ಗಾಳಿಯ ವೇಗ ಎರಡರಷ್ಟಾದ್ರೆ ಅದರ ಶಕ್ತಿ ಎಂಟರಷ್ಟಾಗುತ್ತೆ. ಹಾಗಾಗಿ ಯಂತ್ರ ಗುಡ್ಡದ ನೆತ್ತಿಗೇ ಬೇಕು, ತಪ್ಪಲಿಗೆ ಹಾಕಿದ್ರೆ ಕಂಪನಿಗೆ ಗಿಟ್ಟಲ್ಲ. ಆ ಯಂತ್ರದ ಒಂದು ರೆಕ್ಕೆ ಸುಮಾರು 25 ಮೀಟರ್ ಉದ್ದ, ನಮ್ಮ ಲೆಕ್ಕದಲ್ಲಿ ಎಂಬತ್ತು ಅಡಿ. ಅದನ್ನ ಮಡಚಿ ತರೋಕಾಗಲ್ಲ. ಎಂಬತ್ತಡಿ ರೆಕ್ಕೆ ಹೊತ್ತ ಟ್ರೈಲರು ಗುಡ್ಡ ಹತ್ತಬೇಕು, ತಿರುವಿನಲ್ಲಿ ತಿರುಗಬೇಕು, ಮೇಲೆ ದೊಡ್ಡ ಕ್ರೇನು ನಿಲ್ಲೋಕೆ ಸಮತಟ್ಟು ಬೇಕು. ಅಂದ್ರೆ ಗುಡ್ಡ ಕಡಿದು ಅಗಲವಾದ ರಸ್ತೆ, ನೆತ್ತಿ ಸವರಿ ಮೈದಾನ. ಒಂದು ಗುಡ್ಡದಿಂದ ಇನ್ನೊಂದಕ್ಕೆ ಮತ್ತೆ ರಸ್ತೆ. ಕಡಿದ ಮಣ್ಣು, ಕಲ್ಲು ಎಲ್ಲಿಗೆ ಹೋಗುತ್ತೆ? ಇಳಿಜಾರಿಗೆ ತಳ್ಳೋದು.

ಮುಂದಿನದು ನೀವೇ ಹೇಳಬಲ್ಲಿರಿ. ಜಲಾನಯನ ಕೆಲಸ ಮಾಡಿಸಿದ ಯಾವ ರೈತನಿಗೂ ಗೊತ್ತು, ನೀರಿನ ಕೆಲಸ ನೆತ್ತಿಯಿಂದ ಶುರುವಾಗಬೇಕು ಅಂತ. ನೆತ್ತಿ ಕೆಟ್ಟರೆ ಕೆಳಗೆ ಎಷ್ಟು ಬದು ಹಾಕಿದ್ರೂ ಉಪಯೋಗ ಇಲ್ಲ. ಅಲ್ಲಿನ ಜನ ಹೇಳಿದ್ದೂ ಅದನ್ನೇ: ಮಣ್ಣು ಜಾರಿ ಹಳ್ಳ ಮುಚ್ಚಿದವು, ಕೆರೆಗೆ ಬರೋ ನೀರಿನ ದಾರಿ ಕೆಟ್ಟಿತು, ಮೇವಿನ ನೆಲ ಹೋಯ್ತು, ಕುರಿ ಹೊಡ್ಕೊಂಡು ಹೋಗೋ ಹಳೇ ದಾರಿಗಳು ಕಡಿದು ಹೋದವು. ರಸ್ತೆ ಇಲ್ಲದ ಗುಡ್ಡಕ್ಕೆ ಲಾರಿ ಹೋಗೋ ರಸ್ತೆ ಆದ ಮೇಲೆ ಯಾರು ಬೇಕಾದ್ರೂ ಹೋಗಬಹುದು, ಬೀಡಿ ಸೇದಿ ಎಸೆಯೋನೂ ಹೋಗಬಹುದು. ತೊಂದರೆ ಫ್ಯಾನಿನ ರೆಕ್ಕೆಯಲ್ಲಿ ಇರೋದಕ್ಕಿಂತ ಅದಕ್ಕೆ ಮಾಡಿದ ರಸ್ತೆಯಲ್ಲಿ ಹೆಚ್ಚು. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಯಾಕಂದ್ರೆ ಪೇಪರಿನಲ್ಲಿ ಹಕ್ಕಿ ಸಾಯುತ್ತೆ, ಸದ್ದಾಗುತ್ತೆ ಅನ್ನೋದಷ್ಟೇ ಬರುತ್ತೆ.

ಮಹಾರಾಷ್ಟ್ರದಲ್ಲೂ ಇದೇ ಆಯ್ತು. ಪುಣೆ ಕಡೆ ಭೀಮಾಶಂಕರದ ಹತ್ತಿರದ ಪಶ್ಚಿಮ ಘಟ್ಟದ ಕಾಡಲ್ಲಿ ಗಾಳಿಯಂತ್ರಕ್ಕೆ ರಸ್ತೆ ಕಡಿದಿದ್ದನ್ನ ಮಾಧವ ಗಾಡ್ಗೀಳ್ ಸಮಿತಿ 2011ರ ವರದಿಯಲ್ಲಿ ಎತ್ತಿ ಹೇಳಿತ್ತು. ಅದು ಅರಣ್ಯ ಅಂತ ದಾಖಲೆಯಲ್ಲಿದ್ದ ನೆಲ, ಅಂಥಾದ್ದಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ದೆಹಲಿಯ ಒಪ್ಪಿಗೆ ಬೇಕು. ಕಲ್ಪವಲ್ಲಿಗೆ ಅಷ್ಟೂ ಇರಲಿಲ್ಲ.

ಜನ ಏನು ಮಾಡಿದ್ರು? ಸಂಘದಿಂದ ಅರ್ಜಿ ಕೊಟ್ರು, ರಸ್ತೆ ಕಡಿಯೋದು ನಿಲ್ಲಿಸಿ ಅಂದ್ರು, ಹಾಳಾದ್ದು ಸರಿ ಮಾಡಿಕೊಡಿ ಅಂದ್ರು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಈ ವಿಚಾರ ದೊಡ್ಡದಾಗಿ ಬರೆದ್ರು. 2013ರಲ್ಲಿ ವಿಷಯ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮುಂದೆ ಹೋಯ್ತು. ಮುಖ್ಯ ಬೇಡಿಕೆ ಒಂದು: ಗಾಳಿ ವಿದ್ಯುತ್ತಿಗೂ ಪರಿಸರ ಪರಿಣಾಮದ ಪರಿಶೀಲನೆ ಆಗಬೇಕು.

ಅಂದ್ರೆ ಅಲ್ಲಿವರೆಗೆ ಇರಲಿಲ್ವಾ? ಇರಲಿಲ್ಲ. 2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆಯಲ್ಲಿ ಯಾವ್ಯಾವ ಯೋಜನೆಗೆ ಪರಿಶೀಲನೆ, ಜನರ ಅಹವಾಲು ಸಭೆ ಬೇಕು ಅಂತ ಪಟ್ಟಿ ಇದೆ. ಗಣಿ, ಅಣೆಕಟ್ಟು, ಸಿಮೆಂಟ್, ಥರ್ಮಲ್ ಎಲ್ಲ ಇದೆ. ಗಾಳಿ ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೈಗಾರಿಕೆಗಳಿಗೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ಬಣ್ಣ ಕೊಟ್ಟಾಗ ಗಾಳಿಗೆ ಬಿಳಿ ಕೊಡ್ತು. ಎಲ್ಲಕ್ಕಿಂತ ನಿರುಪದ್ರವಿ ಅಂತ. ಹೊಗೆ ಲೆಕ್ಕದಲ್ಲಿ ಅದು ಸರಿ, ನಾನು ಒಪ್ತೀನಿ. ಕಲ್ಲಿದ್ದಲು ಬೂದಿ ರಾಯಚೂರಿನವರನ್ನ ಕೇಳಿದ್ರೆ ಗಾಳಿಯೇ ದೇವರು ಅಂತಾರೆ. ಆದರೆ ಜನರ ಅಹವಾಲು ಸಭೆ ಅನ್ನೋದು ಹೊಗೆಗೆ ಮಾತ್ರ ಅಲ್ಲ ಅಲ್ವಾ. ನೆಲ ಯಾರು ಬಳಸ್ತಿದ್ದಾರೆ ಅಂತ ಕೇಳೋದಕ್ಕೂ ಬೇರೆ ವೇದಿಕೆ ಇಲ್ಲ. ಆ ಸಭೆ ತಪ್ಪಿದ್ರೆ ಕುರಿ ಕಾಯೋನು ತನ್ನ ಮಾತು ಹೇಳೋಕೆ ಚೆನ್ನೈಗೆ ಹೋಗಬೇಕು.

ಕಂಬಗಳು ನಿಂತವು. ಈಗಲೂ ತಿರುಗ್ತಿವೆ.

ಕಲ್ಪವಲ್ಲಿಯಿಂದ ಪಶ್ಚಿಮಕ್ಕೆ ಸ್ವಲ್ಪ ಬಂದ್ರೆ ನಮ್ಮ ತುಮಕೂರು ಜಿಲ್ಲೆ ಪಾವಗಡ, ಮೂರು ಸುತ್ತೂ ಆಂಧ್ರ. ಅದೇ ಬಿಸಿಲು, ಅದೇ ಕಡಲೆಕಾಯಿ ಸೀಮೆ. ಅಲ್ಲಿ ತಿರುಮಣಿ, ವಳ್ಳೂರು ಸೇರಿ ಐದು ಊರಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಆಯ್ತು. 2018ರ ಮಾರ್ಚಿನಲ್ಲಿ ಉದ್ಘಾಟನೆ. ಜಮೀನು ಕಸಿಯಲಿಲ್ಲ, ಗುತ್ತಿಗೆಗೆ ತಗೊಂಡ್ರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ಬಂದ್ರೂ ಬರದಿದ್ರೂ ದುಡ್ಡು. ಹತ್ತೆಕರೆ ಇದ್ದ ರೈತ ವರ್ಷಕ್ಕೆ ಎರಡು ಲಕ್ಷದ ಮೇಲೆ ಎಣಿಸಿದ. ಜಮೀನಿಲ್ಲದ ಕೂಲಿಯೋನು, ಕುರಿ ಕಾಯೋನು? ಅವನಿಗೆ ಬಾಡಿಗೆ ಇಲ್ಲ, ಯಾಕಂದ್ರೆ ಪಹಣಿಯಲ್ಲಿ ಅವನ ಹೆಸರಿಲ್ಲ. ಮೇಯೋಕೆ ಹೊಲವೂ ಇಲ್ಲ, ಬೇಲಿ ಹಾಕಿದ್ದಾರೆ.

ಅದೇ ಬಿಸಿಲು, ಅದೇ ಗಾಳಿ. ಪಾವಗಡದ ಪಟ್ಟಾದಾರನಿಗೆ ಬಾಡಿಗೆ ಬಂತು, ಕಲ್ಪವಲ್ಲಿಯ ಸಂಘಕ್ಕೆ ಚೆನ್ನೈನ ಕೋರ್ಟು ದಾರಿ ಬಂತು. ಕರೆಂಟಿನ ಗುಣ ಅಲ್ಲ ಇದು, ಪಹಣಿ ಕಾಲಂ ಗುಣ.

ನಮ್ಮ ಪಕ್ಕದಲ್ಲೇ ನೋಡಿ. ದೇವನಹಳ್ಳಿ ತಾಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ 2022ರ ಜನವರಿಯಲ್ಲಿ ಕೆಐಎಡಿಬಿ ನೋಟಿಸ್ ಬಂತು. ಅದೇ ವರ್ಷ ಏಪ್ರಿಲ್ 4ಕ್ಕೆ ಧರಣಿ ಕೂತರು. ಅದೇ ದಿನ ಆಂಧ್ರದಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ ಹುಟ್ಟಿದ್ದು, ಸುಮ್ನೆ ಹೇಳಿದೆ. ಮಳೆ ಬಿಸಿಲು ಅನ್ನದೆ 1,198 ದಿನ ಕೂತರು. 2025ರ ಜುಲೈ 15ಕ್ಕೆ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಟ್ಟಿದ್ದೀವಿ, ಸ್ವಂತ ಇಷ್ಟದಿಂದ ಕೊಡೋರು ಕೊಡಬಹುದು ಅಂತ ಘೋಷಣೆ ಮಾಡಿದ್ರು. ಅಲ್ಲಿ ಕೂತೋರಿಗೆ ಧೈರ್ಯ ಇತ್ತು, ಒಗ್ಗಟ್ಟಿತ್ತು, ನಾಡಿನ ಬೆಂಬಲ ಬಂತು, ಎಲ್ಲ ನಿಜ. ಆದರೆ ಒಂದು ಮಾತು ಸೇರಿಸ್ತೀನಿ. ಕಿತ್ತುಕೊಳ್ಳೋ ಮುಂಚೆ ಸರ್ಕಾರ ಅವರ ಹೆಸರಿಗೆ ನೋಟಿಸ್ ಕೊಡಲೇಬೇಕಾಯ್ತು. ತಕರಾರು ಅರ್ಜಿ ಹಾಕೋಕೆ ಹಕ್ಕಿತ್ತು. ಗೋಮಾಳಕ್ಕೆ ನೋಟಿಸ್ ಯಾರಿಗೆ ಕೊಡ್ತಾರೆ? ಅದರ ಮಾಲೀಕ ಸರ್ಕಾರವೇ. ತಾನೇ ಬರೆದು ತಾನೇ ಸಹಿ ಹಾಕಿಕೊಳ್ಳೋದು.

ಹೆಸರಘಟ್ಟದ ಹುಲ್ಲುಗಾವಲು ಇನ್ನೊಂದು ಉದಾಹರಣೆ. ಅದಕ್ಕೆ ಸಂರಕ್ಷಿತ ಪ್ರದೇಶ ಅಂತ ಹೆಸರು ಕೊಡಿ ಅನ್ನೋ ಬೇಡಿಕೆ ಎಷ್ಟೋ ವರ್ಷದ್ದು. 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಬೇಡ ಅಂತು. ನಡುವೆ ಫಿಲ್ಮ್ ಸಿಟಿ ಮಾತೂ ಬಂದು ಹೋಯ್ತು. 2024ರ ಅಕ್ಟೋಬರಿನಲ್ಲಿ ಅದೇ ಮಂಡಳಿ ಐದು ಸಾವಿರ ಎಕರೆಗೂ ಮೇಲೆ ಸಂರಕ್ಷಿತ ಅಂತ ಒಪ್ಪಿತು. ಅರಣ್ಯ ಇಲಾಖೆ ಬಂದ್ರೆ ನಮ್ಮ ದನ ಬಿಡ್ತಾರೋ ಇಲ್ವೋ ಅಂತ ಸುತ್ತಲಿನ ರೈತರಿಗೆ ಭಯ ಇತ್ತು, ಈಗಲೂ ಕೆಲವರಿಗೆ ಇದೆ, ಆ ಭಯ ಸುಳ್ಳಲ್ಲ. ಆದರೆ 1894ರಿಂದ ಬೆಂಗಳೂರಿಗೆ ನೀರು ಕೊಟ್ಟ ಕೆರೆಯ ಮೇಲಿನ ಹುಲ್ಲನ್ನ ಖಾಲಿ ಜಾಗ ಅಂತ ಕರೆಯೋಕೆ ಬಾಯಾದ್ರೂ ಹೆಂಗೆ ಬರುತ್ತೆ ಅಂತ ನನಗೆ ಅರ್ಥ ಆಗಲ್ಲ. ಅಲ್ಲಿ ಮರ ಇಲ್ಲ ಅಂತ ಖಾಲಿ ಅಂದ್ರು. ಹುಲ್ಲಿಗೆ ಯಾವ ಕಾಲಕ್ಕೂ ಮರ್ಯಾದೆ ಇಲ್ಲ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು, ಇಲ್ಲಾಂದ್ರೆ ಅನ್ಯಾಯ. ನಮ್ಮ ಪಂಪ್‌ಸೆಟ್ಟಿಗೆ ಕರೆಂಟು ಬೇಕು. ಚಿತ್ರದುರ್ಗದ ಗುಡ್ಡಗಳಲ್ಲಿ, ಗದಗದ ಕಪ್ಪತಗುಡ್ಡದ ಕಡೆ ತಿರುಗೋ ಯಂತ್ರಗಳಿಂದ ಬರೋ ಕರೆಂಟು ನಮ್ಮ ತಂತಿಯಲ್ಲೂ ಓಡ್ತಿದೆ. ಊರ ನೆಲದಲ್ಲಿ ಯಂತ್ರ ನಿಲ್ಲಿಸಬಾರದು ಅಂತಲೂ ಅಲ್ಲ. ಡೆನ್ಮಾರ್ಕಿನಲ್ಲಿ 2009ರಿಂದ ಒಂದು ಕಾನೂನು ನಡೀತಿತ್ತು: ಹೊಸ ಗಾಳಿಯಂತ್ರ ನಿಲ್ಲಿಸೋ ಕಂಪನಿ ಅದರಲ್ಲಿ ಶೇಕಡಾ 20 ಪಾಲನ್ನ ಮೊದಲು 4.5 ಕಿಲೋಮೀಟರ್ ಒಳಗಿನ ಜನರಿಗೆ ಮಾರೋಕೆ ಇಡಬೇಕು. ಅಲ್ಲಿ ಕೋಪನ್‌ಹೇಗನ್ ಪಟ್ಟಣದ ಮುಂದೆ ಸಮುದ್ರದಲ್ಲಿ 2000ದಲ್ಲಿ ನಿಂತ 20 ಯಂತ್ರಗಳಲ್ಲಿ ಅರ್ಧ ಒಂದು ಸಹಕಾರ ಸಂಘದ್ದು, ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರು. ನಮ್ಮ ಹಾಲಿನ ಡೇರಿ ಇದ್ದಂಗೆ. ಡೇರಿ ನಡೆಸೋಕೆ ಬಂದ ನಮಗೆ ಫ್ಯಾನು ನಡೆಸೋಕೆ ಬರಲ್ಲ ಅಂತೇನಿಲ್ಲ. ಕಲ್ಪವಲ್ಲಿಯಲ್ಲಿ ಆಗಲೇ ಸಹಕಾರ ಸಂಘ ಇತ್ತು. ಯಾವ ಗುಡ್ಡ ಬಿಡಬೇಕು, ಯಾವ ಕಡೆ ರಸ್ತೆ ತಂದ್ರೆ ಹಳ್ಳ ಉಳಿಯುತ್ತೆ ಅಂತ ಅವರಷ್ಟು ತಿಳಿದೋರು ಯಾರಿದ್ರು? ಮೊದಲೇ ಕೂತು ಕೇಳಿದ್ರೆ ಆ ವಿರೋಧದ ಅರ್ಧ ಇರ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಈಗ ನಮ್ಮ ಗೋಮಾಳ. 1966ರ ಕರ್ನಾಟಕ ಭೂ ಕಂದಾಯ ನಿಯಮಗಳಲ್ಲಿ 97ನೇ ನಿಯಮ ಅಂತ ಇದೆ. ಪ್ರತಿ ನೂರು ಜಾನುವಾರಿಗೆ 30 ಎಕರೆ ಲೆಕ್ಕದಲ್ಲಿ ಊರಿಗೆ ಗೋಮಾಳ ಬಿಡಬೇಕು. ಅದಕ್ಕಿಂತ ಹೆಚ್ಚು ಇದ್ರೆ ಜಿಲ್ಲಾಧಿಕಾರಿ ಬೇರೆ ಕೆಲಸಕ್ಕೆ ತೆಗೆಯಬಹುದು. ಅಂದ್ರೆ ಗೋಮಾಳ ಉಳಿಯೋದು ನಿಂತಿರೋದು ದನದ ಲೆಕ್ಕದ ಮೇಲೆ. ಜೊತೆಗೆ 2011ರ ಜನವರಿ 28ರಂದು ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಅನ್ನೋರ ಕೇಸಿನಲ್ಲಿ ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಿ ಊರಿಗೇ ವಾಪಸ್ ಕೊಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿದೆ. ಇದು ನಮ್ಮ ಕೈಯಲ್ಲಿರೋ ಕಾಗದ. ಒತ್ತುವರಿ ಮಾಡಿದೋರು ಬರೀ ಪಟ್ಟಣದೋರು ಅಂದುಕೊಳ್ಳಬೇಡಿ. ಫಾರಂ 50, 53, 57 ಹಾಕಿದೋರು ಯಾರು, ನಮ್ಮೋರೇ. ಬಡವರು ಉಳುಮೆಗೆ ಮಾಡಿದ್ದನ್ನ ನಾನು ತಪ್ಪು ಅನ್ನಲ್ಲ, ಆದರೆ ಗೋಮಾಳ ಸವೆದಿರೋದು ಎರಡೂ ಕಡೆಯಿಂದ.

ನಮ್ಮೂರ ಗೋಮಾಳದ ಪಹಣಿ ನಾಡಕಚೇರಿಯಲ್ಲಿ ತೆಗೆಸಿ ನೋಡಿದೆ. ವಿಸ್ತೀರ್ಣ ಒಂದು, ನೆಲದ ಮೇಲೆ ಉಳಿದಿರೋದು ಇನ್ನೊಂದು. ನಕಲಿಗೆ ಆಗೋ ಖರ್ಚು ಒಂದು ಟೀ ಬನ್ನಿಗಿಂತ ಹೆಚ್ಚಿಲ್ಲ. ನಿಮ್ಮ ನಿಮ್ಮ ಊರಿಂದೂ ತೆಗೆಸಿ ಇಟ್ಕೊಳ್ಳಿ, ಗ್ರಾಮ ನಕ್ಷೆ ಜೊತೆಗೆ. ಗ್ರಾಮಸಭೆಯಲ್ಲಿ ಯಾರಾದ್ರೂ "ಖಾಲಿ ಜಾಗ" ಅಂದಾಗ ಅದನ್ನ ಮುಂದೆ ಇಟ್ಟು ಮಾತಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಯಾರು ಮೇಯಿಸ್ತಾರೆ, ಎಷ್ಟು ಮನೆ, ನೀರು ಯಾವ ಕೆರೆಗೆ ಹೋಗುತ್ತೆ, ಎಲ್ಲ ಬರೆಸಿ.

ಇನ್ನೊಂದು ವಿಷಯ, ಜಾನುವಾರು ಗಣತಿ. 2019ರಲ್ಲಿ 20ನೇದು ಆಗಿತ್ತು, 2024ರ ಅಕ್ಟೋಬರಿನಲ್ಲಿ 21ನೇದು ಶುರುವಾಯ್ತು. ನಮ್ಮ ಬೀದಿಯಲ್ಲಿ ಎಣಿಸೋಕೆ ಬಂದಾಗ ಎಷ್ಟೋ ಮನೆಯವರು ಸಾಲದ ವಿಚಾರ ಇರಬೇಕು, ಟ್ಯಾಕ್ಸ್ ಹಾಕ್ತಾರೋ ಏನೋ ಅಂತ ಹೆದರಿ ಮೂರು ಹಸ ಇದ್ದೋರು ಒಂದು ಅಂತ ಬರೆಸಿದ್ರು. ಕೊಟ್ಟಿಗೆ ಹಿಂದೆ ಕಟ್ಟಿದ್ದ ಕಡಸು ಲೆಕ್ಕಕ್ಕೇ ಬರಲಿಲ್ಲ. ಮುಂದಿನ ಸಲ ಕಡಸು, ಕರು, ಮುದಿ ಎತ್ತು ಸಮೇತ ಬರೆಸಿ. ನೂರಕ್ಕೆ 30 ಎಕರೆ.